ಮೋಟರ್ ಆರಿಸಿದೆನಾ? ವಯಸ್ಸಾದವರ ದಿನನಿತ್ಯದ ಮರೆವಿಗೊಂದು ಕೈಪಿಡಿ

"ಆಂಟೀ, ನಿಮ್ಮ ಟ್ಯಾಂಕ್ ತುಂಬಿ ಹರೀತಿದೆ!"

ಹನುಮಂತನಗರದ ನಮ್ಮ ರಸ್ತೆಯಲ್ಲಿ ಈ ಕೂಗು ಕೇಳಿಸಿದರೆ ಅದು ನನಗೇ ಅಂತ ಗೊತ್ತು. ಸಂಪ್‌ನಿಂದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸಲು ಮೋಟರ್ ಹಾಕಿರುತ್ತೇನೆ. ಇಪ್ಪತ್ತು ನಿಮಿಷಕ್ಕೆ ಆರಿಸಬೇಕು. ಅಷ್ಟರಲ್ಲಿ ಸೊಪ್ಪಿನವನು ಬರುತ್ತಾನೆ, ಮಗಳು ಫೋನ್ ಮಾಡುತ್ತಾಳೆ, ಹಾಲು ಉಕ್ಕುತ್ತೆ, ಮೋಟರ್ ತಲೆಯಿಂದ ಜಾರಿಹೋಗುತ್ತೆ. ನನಗೀಗ 71. ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವಳು, ಸಂಜೆ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಬಂದರೂ ಎದ್ದು ಮನೆಗೆ ಹೋಗದವಳು. ಕಾವೇರಿ ನೀರು ಚರಂಡಿಗೆ ಹೋಗುವುದನ್ನು ನೋಡಿ ನಾಚಿಕೆಯಾಗುತ್ತಿತ್ತು, ನಿಜ. ಆದರೆ ಗೇಟಿನ ಹತ್ತಿರ ಯಾರೋ "ಅರವತ್ತಕ್ಕೆ ಅರಳು ಮರಳು, ಬಿಡಿ" ಅಂದಾಗ ಆಗುತ್ತಿದ್ದ ಹೆದರಿಕೆ ಅದಕ್ಕಿಂತ ದೊಡ್ಡದು.

ಆ ಗಾದೆಯ ಮೇಲೆ ನನಗೆ ಸಿಟ್ಟಿದೆ. ಅದು ಎರಡು ಕಡೆಯಿಂದಲೂ ಕೆಡುಕು ಮಾಡುತ್ತೆ. ಏನೂ ಆಗಿಲ್ಲದವರು ಬೀಗದಕೈ ಹುಡುಕುವಾಗಲೆಲ್ಲ "ನನ್ನ ಕಥೆ ಮುಗೀತು" ಅಂತ ನಡುಗುವ ಹಾಗೆ ಮಾಡುತ್ತೆ. ನಿಜವಾಗಿ ಕಾಯಿಲೆ ಶುರುವಾದವರನ್ನು "ವಯಸ್ಸಾಯ್ತಲ್ಲ, ಇದ್ದದ್ದೇ" ಅಂತ ಮನೆಯಲ್ಲೇ ಕೂರಿಸುತ್ತೆ. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಡಿಮೆನ್ಷಿಯಾ (ನೆನಪು, ಯೋಚನೆ ಕುಗ್ಗುತ್ತಾ ಹೋಗುವ ಕಾಯಿಲೆ) ಇರುವವರು ಸುಮಾರು ಶೇ. 7.4 ಎನ್ನುತ್ತದೆ 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಂದಾಜು. ಅಂದರೆ ನೂರರಲ್ಲಿ ತೊಂಬತ್ತೆರಡು ಮಂದಿಗೆ ಅದಿಲ್ಲ. ಸಣ್ಣಪುಟ್ಟ ಮರೆವು ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಇದೆ. ಈ ಬರಹ ಆ ತೊಂಬತ್ತೆರಡು ಮಂದಿಗೆ, ಮತ್ತೆ ಅವರ ಜೊತೆ ಒಂದೇ ಸೂರಿನಡಿ ಇರುವ ಮಕ್ಕಳು, ಸೊಸೆಯಂದಿರಿಗೆ. ನಾನು ಡಾಕ್ಟರಲ್ಲ. ಓದಿದ್ದು, ಡಾಕ್ಟರ ಬಾಯಲ್ಲಿ ಕೇಳಿದ್ದು, ಮನೆಯಲ್ಲಿ ಮಾಡಿ ನೋಡಿದ್ದು ಇಲ್ಲಿದೆ.

ಮೊದಲು ಮೂರು ವಾರ ಬರೆದಿಡಿ

"ನನಗೆ ಎಲ್ಲಾ ಮರೆತುಹೋಗುತ್ತೆ" ಅನ್ನುವ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ಡಾಕ್ಟರಿಗೂ ಸಹ. ಎರಡು ಗೆರೆ ಪುಸ್ತಕ ಒಂದು ತನ್ನಿ. ಮರೆತಾಗಲೆಲ್ಲ ಮೂರು ವಿಷಯ ಬರೆಯಿರಿ: ಏನು ಮರೆತಿರಿ, ಆಗ ಇನ್ನೇನು ಮಾಡುತ್ತಿದ್ದಿರಿ, ಆಮೇಲೆ ತಾನಾಗಿ ಅಥವಾ ಯಾರಾದರೂ ಸುಳಿವು ಕೊಟ್ಟಾಗ ನೆನಪಾಯಿತಾ. ಮೂರನೆಯದನ್ನು ಬಿಡಬೇಡಿ, ಮುಖ್ಯವಾದದ್ದು ಅದೇ.

ನನ್ನ ಪುಸ್ತಕದಿಂದ ಒಂದೆರಡು ಸಾಲು: "ಕನ್ನಡಕ. ಕೊರಿಯರ್ ಹುಡುಗ ಬಂದಾಗ ಎಲ್ಲೋ ಇಟ್ಟೆ. ಅಕ್ಕಿ ಡಬ್ಬದ ಮೇಲೆ ಸಿಕ್ಕಿತು." "ರಾಮನವಮಿ ಪಾನಕಕ್ಕೆ ಕರೆದವರ ಹೆಸರು. ಬಾಯಲ್ಲೇ ಇತ್ತು, ಬರಲಿಲ್ಲ. ರಾತ್ರಿ ಹಲ್ಲುಜ್ಜುವಾಗ ಬಂತು." "ಸಕ್ಕರೆ ಮಾತ್ರೆ ತಗೊಂಡೆನೋ ಇಲ್ಲವೋ." "ದೇವರ ಮನೆಗೆ ಯಾಕೆ ಬಂದೆ?"

ಮೂರು ವಾರಕ್ಕೆ ಇಪ್ಪತ್ತಾರು ಮರೆವು. ಬ್ಯಾಂಕಿನ ಅಭ್ಯಾಸ ನೋಡಿ, ಕೂತು ಲೆಕ್ಕ ಹಾಕಿದೆ. ಹದಿನೇಳು ಸಲ ಒಂದು ಕೆಲಸದ ನಡುವೆ ಇನ್ನೊಂದು ಬಂದು ಹೊಕ್ಕಿತ್ತು. ಐದು ಹೆಸರುಗಳು, ಐದೂ ಆಮೇಲೆ ಬಂದವು. ಉಳಿದ ನಾಲ್ಕು ರಾತ್ರಿ ನಿದ್ದೆ ಕೆಟ್ಟ ಮರುದಿನದವು. ನನ್ನ ಹೆದರಿಕೆಯಲ್ಲಿ ಅರ್ಧ ಆ ಪುಟದ ಮೇಲೇ ಕರಗಿತು.

ಪುಸ್ತಕ ಓದುವುದು ಹೇಗೆ

ನಾವು "ಮರೆತೆ" ಅನ್ನುವುದರಲ್ಲಿ ಬಹುಪಾಲು ಮರೆತದ್ದಲ್ಲ, ಒಳಗೇ ಹೋಗದಿದ್ದದ್ದು. ಕನ್ನಡಕ ಅಕ್ಕಿ ಡಬ್ಬದ ಮೇಲಿಟ್ಟ ಗಳಿಗೆಯಲ್ಲಿ ನನ್ನ ಗಮನ ಕೊರಿಯರ್ ಹುಡುಗನ ಓಟಿಪಿ ಮೇಲಿತ್ತು. ಕೈ ಇಟ್ಟಿತು, ಮನಸ್ಸು ನೋಡಲಿಲ್ಲ. ನೋಡದೆ ಇದ್ದದ್ದು ನೆನಪಾಗುವುದಾದರೂ ಹೇಗೆ? ಇದು ಎಲ್ಲ ವಯಸ್ಸಿನಲ್ಲೂ ಆಗುತ್ತೆ. ಎದುರುಮನೆಯ ಸಾಫ್ಟ್‌ವೇರ್ ಹುಡುಗನ ಟ್ಯಾಂಕೂ ತುಂಬಿ ಹರಿಯುತ್ತೆ, ಆದರೆ ಅವನು "ಕಾಲ್‌ನಲ್ಲಿದ್ದೆ ಆಂಟಿ" ಅಂತಾನೆ. ಅವನಿಗೆ ಯಾರೂ ಗಾದೆ ಹೇಳುವುದಿಲ್ಲ.

ವಯಸ್ಸಿನ ಜೊತೆ ನಿಜವಾಗಿ ಬದಲಾಗುವುದೂ ಇದೆ. ಯೋಚನೆಯ ವೇಗ ತಗ್ಗುತ್ತೆ. ಒಟ್ಟಿಗೆ ಎರಡು ಕೆಲಸದ ಮೇಲೆ ಗಮನ ಇಡುವುದು ಕಷ್ಟವಾಗುತ್ತೆ. ಗೊತ್ತಿರುವ ಹೆಸರನ್ನು ಬೇಕಾದ ಗಳಿಗೆಯಲ್ಲಿ ಹೊರಗೆಳೆಯುವುದು ತಡವಾಗುತ್ತೆ. "ಸಂಜೆ ನಾಲ್ಕಕ್ಕೆ ಫೋನ್ ಮಾಡಬೇಕು" ಅನ್ನುವಂಥ ಮುಂದಿನ ಕೆಲಸದ ನೆನಪು ಬೇಗ ಕೈಕೊಡುತ್ತೆ. ಆದರೆ ಪದಸಂಪತ್ತು, ಲೋಕಜ್ಞಾನ, ಕೈಯಲ್ಲಿ ಕೂತ ಕೆಲಸ ಇವು ಹಾಗೆ ಹೋಗುವುದಿಲ್ಲ. ಪೇಪರಿನ ಪದಬಂಧ ಮೊಮ್ಮಗನ ಮುಂದಿಟ್ಟು ನೋಡಿ, ಯಾರು ಮೊದಲು ತುಂಬುತ್ತೀರಿ ಅಂತ.

ಹಾಗಾದರೆ ಹೆದರಬೇಕಾದ ಮರೆವು ಯಾವುದು? ಒಂದೊಂದು ಘಟನೆ ಹಿಡಿದು ನೋಡಿದರೆ ಗೊತ್ತಾಗುವುದಿಲ್ಲ, ಜೋಡಿ ಮಾಡಿ ನೋಡಬೇಕು. ಹುಳಿಗೆ ಉಪ್ಪು ಎರಡು ಸಲ ಹಾಕುವುದು ಬೇರೆ, ನಲವತ್ತು ವರ್ಷ ಮಾಡಿದ ಹುಳಿಯನ್ನು ಎಲ್ಲಿಂದ ಶುರುಮಾಡಬೇಕು ಅಂತ ತೋಚದೆ ನಿಲ್ಲುವುದು ಬೇರೆ. ಹೊಸ ಫ್ಲೈಓವರ್ ಹತ್ತಿ ದಾರಿ ತಪ್ಪುವುದು ಬೇರೆ (ಬೆಂಗಳೂರಿನಲ್ಲಿ ತಪ್ಪದವರು ಯಾರು?), ದಿನಾ ಹೋಗುವ ಗಾಂಧಿಬಜಾರಿನಿಂದ ಮನೆಗೆ ಬರಲು ಗೊತ್ತಾಗದಿರುವುದು ಬೇರೆ. ಮದುವೆಗೆ ಯಾರ್ಯಾರು ಬಂದಿದ್ದರು ಅನ್ನುವುದು ಮರೆಯುತ್ತೆ, ಸರಿ. ಹೋದ ವಾರ ಮದುವೆಗೆ ಹೋಗಿದ್ದೇ ನೆನಪಿಲ್ಲ, ಫೋಟೋ ತೋರಿಸಿದರೂ ನೆನಪಾಗುವುದಿಲ್ಲ ಅಂದರೆ ತಡಮಾಡಬಾರದು. ಸುಳಿವು ಕೊಟ್ಟಾಗ "ಹ್ಞಾ, ಹೌದು ಹೌದು!" ಅಂತ ಬಂದರೆ ನೆನಪು ಒಳಗಿದೆ, ದಾರಿ ಮಾತ್ರ ಮುಚ್ಚಿತ್ತು.

ಇನ್ನೊಂದು ಗುರುತು: ಚಿಂತೆ ಯಾರಿಗೆ? ಸಾಮಾನ್ಯ ಮರೆವಿನಲ್ಲಿ ಮರೆತವರೇ ಹೆಚ್ಚು ಗೋಳಾಡುತ್ತಾರೆ. ಕಾಯಿಲೆಯಲ್ಲಿ ಎಷ್ಟೋ ಸಲ ಮನೆಯವರು ಗಾಬರಿಯಾಗಿರುತ್ತಾರೆ, ಮರೆತವರು "ನನಗೇನಾಗಿದೆ?" ಅಂತ ಸಿಟ್ಟಾಗುತ್ತಾರೆ. ಇದು ಕಲ್ಲಿನ ಮೇಲೆ ಕೆತ್ತಿದ ನಿಯಮವಲ್ಲ, ಆದರೂ ಉಪಯೋಗಕ್ಕೆ ಬರುತ್ತೆ.

ಮೈ ಸರಿಯಿದೆಯಾ ನೋಡಿಸಿ

ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ನೆನಪಿನ ಪುಡಿ, ಲೇಹ್ಯಕ್ಕೆ ದುಡ್ಡು ಹಾಕುವ ಮುಂಚೆ ನಾಲ್ಕು ರಕ್ತ ಪರೀಕ್ಷೆ ಮಾಡಿಸಿ.

ವಿಟಮಿನ್ ಬಿ12 ಕಡಿಮೆಯಾದರೆ ಮರೆವು, ಸುಸ್ತು, ಪಾದ ಜೋಮು ಹಿಡಿಯುವುದು ಎಲ್ಲಾ ಬರಬಹುದು. ಬಿ12 ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ. ನಮ್ಮಂಥ ಸೊಪ್ಪು ಸಾರಿನವರಿಗೆ ಹಾಲು ಮೊಸರೇ ಗತಿ. ಮೇಲೆ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡರೆ, ಎದೆಯುರಿಗೆ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು ದಿನಾ ಕಾಫಿಯ ಹಾಗೆ ನುಂಗಿದರೆ, ಬಿ12 ಇನ್ನೂ ಇಳಿಯುತ್ತೆ. ನಾನು ಸಸ್ಯಾಹಾರಿ, ಹನ್ನೆರಡು ವರ್ಷದಿಂದ ಮೆಟ್‌ಫಾರ್ಮಿನ್, ವಯಸ್ಸು 71. ಪರೀಕ್ಷೆಯಲ್ಲಿ ಕಡಿಮೆ ಬಂತು, ಇಂಜೆಕ್ಷನ್ ಕೊಟ್ಟರು. ಅದರಿಂದ ಪವಾಡ ಆಯಿತು ಅಂತ ಹೇಳಲಾರೆ, ಮಧ್ಯಾಹ್ನದ ಮಂಕು ಮಾತ್ರ ಹೋಯಿತು.

ಬಿ12 ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ, ಕಿಡ್ನಿ ಪರೀಕ್ಷೆಗಳ ಬಗ್ಗೆ ಡಾಕ್ಟರನ್ನು ಕೇಳಿ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಲ್ಲಿ ಸೋಡಿಯಂ ಇಳಿದು ತಲೆ ಗೊಂದಲವಾಗುವುದು ಅಪರೂಪವಲ್ಲ.

ಆಮೇಲೆ ಮಾತ್ರೆಗಳು. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರಿಗೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಮೆಡಿಕಲ್ ಶಾಪಿನಿಂದ ನೀವೇ ತಂದದ್ದನ್ನೂ ಬಿಡಬೇಡಿ. ಶೀತಕ್ಕೆ ತಗೊಳ್ಳುವ ಕ್ಲೋರ್‌ಫೆನಿರಮೀನ್, ನರದ ನೋವಿನ ಅಮಿಟ್ರಿಪ್ಟಿಲಿನ್, ಪದೇಪದೇ ಮೂತ್ರಕ್ಕೆ ಹೋಗುವವರಿಗೆ ಕೊಡುವ ಆಕ್ಸಿಬ್ಯುಟಿನಿನ್, ನಿದ್ದೆಗೆಂದು ಶುರುಮಾಡಿ ಬಿಡದೇ ಹೋದ ಆಲ್‌ಪ್ರಜೋಲಮ್, ಕ್ಲೋನಜೆಪಮ್ ಇವೆಲ್ಲ ವಯಸ್ಸಾದವರ ನೆನಪನ್ನು ಮಸುಕು ಮಾಡಬಲ್ಲವು. ಆದರೆ ನಿದ್ದೆ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ. ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಕಿವಿ. ನಮ್ಮನೆಯವರ ಬಗ್ಗೆ ಎರಡು ವರ್ಷ ದೂರಿದ್ದೇನೆ: ಹೇಳಿದ್ದು ಒಂದೂ ನೆನಪಿರಲ್ಲ, ಕೊತ್ತಂಬರಿ ತನ್ನಿ ಅಂದರೆ ಬರಿಗೈಯಲ್ಲಿ ಬರುತ್ತಾರೆ. ಕಿವಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಮರೆಯಲು ಅವರಿಗೆ ಏನಾದರೂ ಕೇಳಿಸಿದ್ದರೆ ತಾನೆ! ಅರ್ಧಂಬರ್ಧ ಕೇಳಿಸುವವರು ಮಾತನ್ನು ಊಹಿಸುವುದರಲ್ಲೇ ದಣಿಯುತ್ತಾರೆ, ನೆನಪಿಡಲು ಶಕ್ತಿ ಉಳಿಯುವುದಿಲ್ಲ. ಈಗ ಯಂತ್ರ ಹಾಕಿಕೊಳ್ಳುತ್ತಾರೆ. ಕೊತ್ತಂಬರಿ ಬರುತ್ತೆ. ನಾನು ಗೊಣಗಿದ್ದೂ ಕೇಳಿಸುತ್ತೆ, ಅದೊಂದು ತೊಂದರೆ. ಕಣ್ಣಿನ ಪೊರೆಯ ಮಾತೂ ಇದೇ.

ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿದಂತಾಗಿ, ಬೆಳಿಗ್ಗೆ ತೂಕಡಿಸುತ್ತಾ ಏಳುವವರು ನಿದ್ದೆಯ ಪರೀಕ್ಷೆ ಬಗ್ಗೆ ಕೇಳಬೇಕು. ಮತ್ತೆ ಮನಸ್ಸು. ಜೊತೆಗಾರರನ್ನು ಕಳೆದುಕೊಂಡವರು, ಮಕ್ಕಳೆಲ್ಲ ದೂರ ಹೋದವರು "ಏನೂ ಬೇಡ ಅನಿಸುತ್ತೆ" ಅನ್ನುತ್ತಾರೆ, "ಏನೂ ತಲೆಗೆ ಹೋಗಲ್ಲ" ಅನ್ನುತ್ತಾರೆ. ಅದು ಖಿನ್ನತೆಯಾಗಿರಬಹುದು, ಅದಕ್ಕೆ ಔಷಧಿ ಇದೆ. ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿಗೆ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ತಲೆಯ ಕೆಲಸವನ್ನು ಮನೆಗೆ ವಹಿಸಿ

ನಮ್ಮಜ್ಜಿ ಏನಾದರೂ ನೆನಪಿಡಬೇಕಾದರೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಗಂಟು ಕಣ್ಣಿಗೆ ಬೀಳುತ್ತಿತ್ತು, ವಿಷಯ ನೆನಪಾಗುತ್ತಿತ್ತು. ಇಡೀ ಮನೆಗೆ ಇಂಥ ಗಂಟುಗಳನ್ನು ಹಾಕಬೇಕು. ಬರೆದಿಟ್ಟುಕೊಂಡರೆ ಬುದ್ಧಿ ಸೋಮಾರಿಯಾಗುತ್ತೆ ಅನ್ನುವವರ ಮಾತು ಕೇಳಬೇಡಿ. ಕ್ಯಾಷ್ ಕೌಂಟರಿನಲ್ಲಿ ಯಾರೂ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಪುಸ್ತಕದಲ್ಲಿ ಇಡುತ್ತಾರೆ.

ಮೋಟರ್‌ಗೆ ಬರೋಣ. ತುಂಬಿದಾಗ ತಾನಾಗಿ ಆರುವ ನಿಯಂತ್ರಕ ಸಿಗುತ್ತೆ, ಎಲೆಕ್ಟ್ರಿಷಿಯನ್ ಹಾಕಿಕೊಡುತ್ತಾನೆ. ಅದು ಬರುವ ತನಕ ನಾನು ಮಾಡಿದ್ದು ಇಷ್ಟು: ಸ್ವಿಚ್ಚಿನ ಪಕ್ಕ ಮೊಳೆಗೆ ಒಂದು ಕೆಂಪು ರಬ್ಬರ್ ಬಳೆ. ಮೋಟರ್ ಹಾಕಿದರೆ ಬಳೆ ಕೈಗೆ, ಆರಿಸಿದರೆ ಮೊಳೆಗೆ. ಸೊಪ್ಪಿನವನಿಗೆ ದುಡ್ಡು ಕೊಡುವಾಗ ಕೈಯಲ್ಲಿ ಕೆಂಪು ಕಾಣುತ್ತೆ. ಗೀಸರಿಗೂ ಇದೇ ಬಳೆ ಸಾಕು.

ಕುಕ್ಕರ್ ವಿಷಲ್ ಎಷ್ಟಾಯಿತು ಅನ್ನುವುದು ದೊಡ್ಡ ತಲೆನೋವು. ಒಲೆ ಪಕ್ಕ ಬಟ್ಟಲಲ್ಲಿ ಹುಣಸೆಬೀಜ ಇಟ್ಟಿದ್ದೇನೆ, ಒಂದು ವಿಷಲಿಗೆ ಒಂದು ಬೀಜ ಆಚೆ. ಮಗಳು ನಕ್ಕಳು, ಆಮೇಲೆ ಅವಳ ಮನೆಯಲ್ಲೂ ಅದೇ ನೋಡಿದೆ. ಒಲೆ ಮೇಲೆ ಏನಾದರೂ ಇದ್ದಾಗ ಅಡುಗೆಮನೆಯಿಂದ ಹೊರಗೆ ಹೋಗಲೇಬೇಕಾದರೆ ಸೌಟನ್ನು ಕೈಯಲ್ಲೇ ಹಿಡಿದು ಹೋಗಿ. ಸೌಟು ಹಿಡಿದುಕೊಂಡು ಯಾರೂ ಟಿ.ವಿ. ಮುಂದೆ ಅರ್ಧ ಗಂಟೆ ಕೂರುವುದಿಲ್ಲ.

ಬೀಗದಕೈ, ಕನ್ನಡಕ, ಫೋನ್ ಈ ಮೂರಕ್ಕೆ ಬಾಗಿಲ ಹತ್ತಿರ ಒಂದೇ ತಟ್ಟೆ, ಎರಡನೇ ಜಾಗ ಇರಕೂಡದು. ಬೆಲೆಬಾಳುವ ವಸ್ತುವನ್ನು "ಯಾರಿಗೂ ಸಿಗಬಾರದು" ಅಂತ ಹೊಸ ಜಾಗದಲ್ಲಿ ಬಚ್ಚಿಟ್ಟರೆ ಮೊದಲು ಸಿಗದೇ ಹೋಗುವುದು ನಮಗೇ. ಹಬ್ಬಕ್ಕೆ ಲಾಕರಿನಿಂದ ತಂದ ಒಡವೆ ಬಟ್ಟೆಗಳ ನಡುವೆ ಸೇರಿಕೊಂಡು, ಕೆಲಸದವಳ ಮೇಲೆ ಅನುಮಾನ ಬಂದು, ಕೊನೆಗೆ ರೇಷ್ಮೆ ಸೀರೆಯ ಮಡಿಕೆಯಲ್ಲಿ ಸಿಕ್ಕ ಕಥೆ ಬಸವನಗುಡಿಯ ಪ್ರತಿ ರಸ್ತೆಯಲ್ಲೂ ಒಂದಿದೆ. ಎಲ್ಲಿಟ್ಟಿರಿ ಅನ್ನುವುದನ್ನು ಗಟ್ಟಿಯಾಗಿ ಬಾಯಿಬಿಟ್ಟು ಹೇಳಿ: "ಬಳೆ ನೀಲಿ ಡಬ್ಬದಲ್ಲಿ, ಎರಡನೇ ಅರೆ." ಹೇಳುವಾಗ ಗಮನ ತಾನಾಗಿ ಆ ಕಡೆ ತಿರುಗುತ್ತೆ. ಬೀಗ ಹಾಕುವಾಗಲೂ "ಬೀಗ ಹಾಕಿದೆ, ಮಂಗಳವಾರ" ಅನ್ನಿ. ಬರೀ "ಹಾಕಿದೆ" ಅಂದರೆ ನಿನ್ನೆ ಹಾಕಿದ್ದೋ ಇವತ್ತು ಹಾಕಿದ್ದೋ ಅಂತ ಕಲಸಿಹೋಗುತ್ತೆ.

ಮಾತ್ರೆಯ ವಿಷಯದಲ್ಲಿ ನಂಬಿಕೆ ಬೇಡ, ಏಳು ದಿನದ ಖಾನೆಗಳಿರುವ ಡಬ್ಬಿ ತನ್ನಿ. ಭಾನುವಾರ ತುಂಬಿಸಿ. ಖಾನೆ ಖಾಲಿಯಿದ್ದರೆ ತಗೊಂಡಾಗಿದೆ. ಡಬ್ಬಿ ಇಲ್ಲದ ದಿನ ಅನುಮಾನ ಬಂದರೆ, ಸಕ್ಕರೆ, ಬಿ.ಪಿ., ರಕ್ತ ತೆಳು ಮಾಡುವ ಮಾತ್ರೆಗಳನ್ನು ಅಂದಾಜಿನ ಮೇಲೆ ಎರಡನೇ ಸಲ ನುಂಗಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಸಕ್ಕರೆ ತೀರಾ ಇಳಿದರೆ ಅದರಿಂದಲೇ ತಲೆ ಗೊಂದಲವಾಗುತ್ತೆ.

ಮುಂದಿನ ಕೆಲಸಗಳಿಗೆ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿಗಿಂತ ಒಳ್ಳೆಯದು ನಾನು ಕಂಡಿಲ್ಲ. ಏಕಾದಶಿ, ಸಂಕಷ್ಟಿ ನೋಡಲು ಹೇಗೂ ದಿನಾ ಕಣ್ಣು ಹಾಯಿಸುತ್ತೇವೆ. ಅದೇ ಚೌಕದಲ್ಲಿ ಗ್ಯಾಸ್ ಬುಕ್ ಮಾಡಿದ್ದು, ಕಣ್ಣಿನ ಡಾಕ್ಟರು, ಕರೆಂಟ್ ಬಿಲ್ಲು ಬರೆಯಿರಿ. ಪಿಂಚಣಿದಾರರು ನವೆಂಬರ್ ಪುಟದ ಮೇಲೆ ಈಗಲೇ "ಜೀವಂತ ಪ್ರಮಾಣಪತ್ರ" ಅಂತ ಕೆಂಪಕ್ಷರದಲ್ಲಿ ಬರೆದುಬಿಡಿ. ಕೇಂದ್ರ ಸರ್ಕಾರದ ಪಿಂಚಣಿಯವರು 80 ದಾಟಿದ್ದರೆ ಅಕ್ಟೋಬರ್ 1ರಿಂದಲೇ ಕೊಡಬಹುದು. ಸಣ್ಣ ಕೆಲಸಗಳನ್ನು ಗಡಿಯಾರಕ್ಕೆ ಕಟ್ಟಬೇಡಿ, ಇನ್ನೊಂದು ಕೆಲಸಕ್ಕೆ ಕಟ್ಟಿ. "ಸಂಜೆ ಫೋನ್ ಮಾಡ್ತೀನಿ" ಅನ್ನುವುದಕ್ಕಿಂತ "ದೀಪ ಹಚ್ಚಿದ ಕೂಡಲೇ ಫೋನ್ ಮಾಡ್ತೀನಿ" ಅಂದುಕೊಂಡರೆ ದೀಪವೇ ನೆನಪಿಸುತ್ತೆ.

ದೇವರ ಮನೆಗೆ ಯಾಕೆ ಬಂದೆ ಅಂತ ನಿಂತುಬಿಟ್ಟರೆ, ಅಲ್ಲೇ ತಲೆ ಕೆರೆದುಕೊಳ್ಳಬೇಡಿ. ಹೊರಟ ಜಾಗಕ್ಕೆ ವಾಪಸ್ ಹೋಗಿ. ಅಲ್ಲಿರುವ ವಸ್ತುಗಳೇ ಸುಳಿವು ಕೊಡುತ್ತವೆ.

ಹೆಸರುಗಳು

ಒಬ್ಬರು ಬಡಗಿ ಅಂತ ಹೇಳಿದರೆ ನೆನಪಿರುತ್ತೆ. ಅವರ ಹೆಸರು ಬಡಿಗೇರ್ ಅಂದರೆ ಮರೆತುಹೋಗುತ್ತೆ. ಎರಡರ ಅರ್ಥ ಒಂದೇ. ಆದರೆ ಬಡಗಿ ಅಂದಾಗ ಉಳಿ, ಸುತ್ತಿಗೆ, ಮರದ ಪುಡಿ ಎಲ್ಲ ಕಣ್ಣ ಮುಂದೆ ಬರುತ್ತೆ, ಹೆಸರು ಅಂದಾಗ ಏನೂ ಬರುವುದಿಲ್ಲ. ಹೆಸರು ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ, ಅದಕ್ಕೇ ಮೊದಲು ಜಾರುತ್ತೆ. ಅಂಟಿಸುವ ಉಪಾಯ ನಮ್ಮಲ್ಲೇ ಇದೆ: ಪರಿಚಯವಾದ ಕೂಡಲೇ "ನಿಮ್ಮದು ಯಾವೂರು?" ಅಂತ ಕೇಳುತ್ತೇವಲ್ಲ, ಅದು. ತಿಪಟೂರಿನ ವನಜಾಕ್ಷಿ ಅಂದರೆ ಒಂದು ತೆಂಗಿನಮರದ ಕೆಳಗೆ ಅವರನ್ನು ನಿಲ್ಲಿಸಿಬಿಡಿ. ಹೆಸರನ್ನು ಮಾತಿನಲ್ಲಿ ಒಂದೆರಡು ಸಲ ಬಳಸಿ. ಒಂದು ನಿಮಿಷ ಬಿಟ್ಟು ಮನಸ್ಸಿನಲ್ಲೇ ಹೇಳಿಕೊಳ್ಳಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ, ಮಲಗುವ ಮುಂಚೆ ಮತ್ತೊಮ್ಮೆ. ಅಂತರ ಹೆಚ್ಚಿಸುತ್ತಾ ನೆನೆಸಿಕೊಂಡದ್ದು ಉಳಿಯುತ್ತೆ.

ಮದುವೆ ಮನೆಯಲ್ಲಿ ಯಾರೋ ಬಂದು ಕೈಹಿಡಿದು "ನಾನ್ಯಾರು ಹೇಳಿ ನೋಡೋಣ?" ಅನ್ನುತ್ತಾರೆ. ಇದು ಕ್ರೌರ್ಯ. ಹಿರಿಯರಿಗೆ ದಯವಿಟ್ಟು ಈ ಪರೀಕ್ಷೆ ಇಡಬೇಡಿ. "ನಾನು ಚಾಮರಾಜಪೇಟೆ ಲಕ್ಷ್ಮಿ ಮಗಳು, ಅತ್ತೆ" ಅಂದುಬಿಡಿ, ಮುಂದಿನದು ಹರಿದು ಬರುತ್ತೆ. ನಾವೂ ಅಷ್ಟೇ, ಹಲ್ಲುಕಿರಿದು ಒದ್ದಾಡುವುದಕ್ಕಿಂತ "ಮುಖ ಚೆನ್ನಾಗಿ ಗೊತ್ತು, ಹೆಸರು ಜಾರಿಹೋಯ್ತಮ್ಮ" ಅನ್ನಬಹುದು. ಹೊರಡುವ ಮುಂಚೆ ಲಗ್ನಪತ್ರಿಕೆ ಓದಿಕೊಂಡು ಹೋದರೆ ಅರ್ಧ ಗೆದ್ದಹಾಗೆ.

ಹೊಸ ಮನೆ, ಹೊಸ ಫೋನು

ಹಾಸನದಲ್ಲೋ ಸಾಗರದಲ್ಲೋ ಒಬ್ಬರೇ ಮನೆ ನಡೆಸಿಕೊಂಡು ಇದ್ದವರನ್ನು ಮಗ ವೈಟ್‌ಫೀಲ್ಡಿನ ಹದಿನಾಲ್ಕನೇ ಮಹಡಿಗೆ ಕರೆತರುತ್ತಾನೆ. ಒಂದು ತಿಂಗಳಲ್ಲಿ "ಅಪ್ಪನಿಗೆ ಮರೆವು ಜಾಸ್ತಿಯಾಗಿದೆ". ಯೋಚಿಸಿ ನೋಡಿ. ಊರಿನಲ್ಲಿ ಅವರಿಗೆ ಹಾಲಿನವನ ಗಂಟೆ ಇತ್ತು, ದೇವಸ್ಥಾನದ ಜಾಗಟೆ ಇತ್ತು, ಏಳು ಗಂಟೆಯ ಬಸ್ಸಿನ ಸದ್ದಿತ್ತು. ದಿನವನ್ನು ಅವೇ ನಡೆಸುತ್ತಿದ್ದವು. ಇಲ್ಲಿ ಎಲ್ಲ ಬಾಗಿಲೂ ಒಂದೇ ಥರ, ಎಲ್ಲ ಟವರೂ ಒಂದೇ ಥರ, ಇಂಡಕ್ಷನ್ ಒಲೆಯಲ್ಲಿ ಬೆಂಕಿಯೇ ಕಾಣುವುದಿಲ್ಲ. ನಲವತ್ತು ವರ್ಷ ಕೈಗೆ ಕೂತಿದ್ದೆಲ್ಲ ಒಂದೇ ದಿನದಲ್ಲಿ ಕೆಲಸಕ್ಕೆ ಬಾರದಾಯಿತು. ಇಷ್ಟು ದಿನ ಹಳೆಯ ಮನೆಯೇ ಮುಚ್ಚಿಟ್ಟಿದ್ದ ಸಣ್ಣ ಕೊರತೆ ಇಲ್ಲಿ ಬಯಲಾಗುವುದೂ ಉಂಟು, ಹಾಗಾಗಿ ಗಮನವಿಟ್ಟು ನೋಡಿ. ಆದರೆ ಮೊದಲು ಮೂರು ತಿಂಗಳು ಸಮಯ ಕೊಡಿ. ಬಾಗಿಲಿಗೆ ದೂರದಿಂದ ಕಾಣುವ ತೋರಣ ಕಟ್ಟಿ. ಟವರ್ ಹೆಸರು, ಮನೆ ನಂಬರು, ಮಗನ ಫೋನ್ ನಂಬರು ಬರೆದ ಚೀಟಿ ಜೇಬಿನಲ್ಲಿರಲಿ. ಅಡುಗೆಮನೆ ಡಬ್ಬಗಳಿಗೆ ಕನ್ನಡದಲ್ಲಿ ಹೆಸರು ಅಂಟಿಸಿ. ಕುರ್ಚಿ ಮೇಜುಗಳನ್ನು ವಾರಕ್ಕೊಂದು ಕಡೆ ತಿರುಗಿಸಬೇಡಿ.

ಫೋನಿನ ವಿಷಯದಲ್ಲಿ ಎರಡೇ ಮಾತು. ಪಿನ್ನನ್ನು ಕಾರ್ಡಿನ ಹಿಂದೆ ಬರೆಯಬೇಡಿ, ಹುಟ್ಟಿದ ವರ್ಷವನ್ನೂ ಇಡಬೇಡಿ. ನಾನು ಹಳೆ ಮನೆಯ ಲ್ಯಾಂಡ್‌ಲೈನ್ ನಂಬರಿನ ನಡುವಿನ ನಾಲ್ಕು ಅಂಕಿ ಇಟ್ಟಿದ್ದೆ, ಬೆರಳಿಗೇ ನೆನಪಿತ್ತು. (ಈಗ ಬದಲಾಯಿಸಿದ್ದೇನೆ, ನೀವು ಪ್ರಯತ್ನಿಸಬೇಡಿ.) ಎರಡನೆಯದು: ಮರೆವಿನ ಭಯ ಇರುವವರನ್ನು ಮೋಸಗಾರರು ಬೇಗ ಹಿಡಿಯುತ್ತಾರೆ. "ನೀವೇ ಕಳಿಸಿದ ಪಾರ್ಸೆಲ್, ಮರೆತಿದ್ದೀರಾ" ಅಂದಾಗ "ಇರಬಹುದೇನೋ" ಅನಿಸಿಬಿಡುತ್ತೆ. ನೆನಪಿಲ್ಲದಿದ್ದರೆ ಒಪ್ಪಿಕೊಳ್ಳಬೇಡಿ, ಫೋನ್ ಇಡಿ, ಮಕ್ಕಳನ್ನು ಕೇಳಿ. ಪೊಲೀಸರ ಹೆಸರಿನಲ್ಲಿ ಫೋನಿನಲ್ಲೇ ಬಂಧಿಸಿದ್ದೇವೆ ಅಂತ ಹೆದರಿಸುವ ಡಿಜಿಟಲ್ ಅರೆಸ್ಟ್ ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ. ದುಡ್ಡು ಹೋದರೆ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಯಾವಾಗ ಹೋಗಬೇಕು, ಎಲ್ಲಿಗೆ

ಇದ್ದಕ್ಕಿದ್ದಂತೆ ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಮಾತು ಅಸಂಬದ್ಧವಾದರೆ, ಹಗಲು ರಾತ್ರಿ ಗೊತ್ತಾಗದಿದ್ದರೆ, ಇಲ್ಲದವರನ್ನು ಕಂಡಂತೆ ಮಾತಾಡಿದರೆ ಅದು ಮರೆವಲ್ಲ, ಅದೇ ದಿನ ಆಸ್ಪತ್ರೆ. ಎಷ್ಟೋ ಸಲ ಮೂತ್ರದ ಸೋಂಕು, ಸೋಡಿಯಂ, ಹೊಸ ಮಾತ್ರೆ ಕಾರಣವಾಗಿರುತ್ತೆ, ವಾಸಿಯಾಗುತ್ತೆ. ಮುಖ ಒಂದು ಕಡೆ ವಾಲಿದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ 108. ಪಾರ್ಶ್ವವಾಯುವಿನಲ್ಲಿ ರಕ್ತದ ಗರಣೆ ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು ಇದೆ, ಟ್ರಾಫಿಕ್ ಲೆಕ್ಕಕ್ಕೆ ಹಿಡಿದರೆ ಒಂದು ನಿಮಿಷವೂ ಕಾಯುವಂತಿಲ್ಲ. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾಗಿ, ವಾರಗಳಾದ ಮೇಲೆ ಮಂಕು, ತಲೆನೋವು, ಮರೆವು ಶುರುವಾದರೆ ಆ ಬಿದ್ದದ್ದನ್ನು ಡಾಕ್ಟರಿಗೆ ಹೇಳಲೇಬೇಕು. ಒಳಗೆ ನಿಧಾನವಾಗಿ ರಕ್ತ ಕಟ್ಟಿರಬಹುದು.

ತಿಂಗಳುಗಳಲ್ಲಿ ಮೆಲ್ಲಗೆ ಹೆಚ್ಚುತ್ತಿರುವ ಮರೆವಿಗೆ ಮೊದಲು ನಿಮ್ಮನ್ನು ವರ್ಷಗಳಿಂದ ನೋಡುತ್ತಿರುವ ಡಾಕ್ಟರು. ಆಮೇಲೆ ನರರೋಗ ಅಥವಾ ಮನೋರೋಗ ತಜ್ಞರು. ಬೆಂಗಳೂರಿನವರ ಅದೃಷ್ಟ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಹೊರರೋಗಿ ವಿಭಾಗಕ್ಕೆ ಬೆಳಿಗ್ಗೆ ಬೇಗ ಹೋಗಿ, ತಿಂಡಿ ಕಟ್ಟಿಕೊಂಡು ಹೋಗಿ, ದಿನವೆಲ್ಲ ಹಿಡಿಯಬಹುದು. ಮೂರು ವಾರದ ಪುಸ್ತಕ, ಮಾತ್ರೆಗಳ ಕವರು, ಹಳೆ ರಿಪೋರ್ಟು, ಕನ್ನಡಕ, ಕಿವಿ ಯಂತ್ರ ಇಷ್ಟು ಇರಲಿ. ಐದು ಪದ ನೆನಪಿಡಿ, ಗಡಿಯಾರ ಬಿಡಿಸಿ, ನೂರರಿಂದ ಏಳೇಳು ಕಳೆಯಿರಿ ಅನ್ನುವ ಥರದ ಪ್ರಶ್ನೆಗಳನ್ನು ಕೇಳುತ್ತಾರೆ. ಕನ್ನಡದಲ್ಲೇ ಕೇಳಿ ಅಂತ ಹೇಳಿ, ಎಷ್ಟು ಓದಿದ್ದೀರಿ ಅನ್ನುವುದನ್ನೂ ಹೇಳಿ. ಇಸ್ಕೂಲು ನೋಡದವರಿಗೆ ಗಡಿಯಾರ ಬಿಡಿಸಲು ಬರದಿದ್ದರೆ ಅದು ಕಾಯಿಲೆಯಲ್ಲ. ಕೆಲವರಿಗೆ "ವಯಸ್ಸಿಗಿಂತ ಸ್ವಲ್ಪ ಹೆಚ್ಚು, ಡಿಮೆನ್ಷಿಯಾ ಅಲ್ಲ" ಅನ್ನುವ ನಡುವಿನ ಉತ್ತರ ಸಿಗುತ್ತೆ. ಅಂಥವರೆಲ್ಲ ಮುಂದೆ ಕಾಯಿಲೆಗೇ ಹೋಗುತ್ತಾರೆ ಅಂತಿಲ್ಲ, ಕೆಲವರು ಹಾಗೇ ಇರುತ್ತಾರೆ, ಕೆಲವರು ಸುಧಾರಿಸುತ್ತಾರೆ. ವರ್ಷಕ್ಕೊಮ್ಮೆ ತೋರಿಸುತ್ತಾ ಇರಬೇಕು. ಒಬ್ಬರೇ ಇರುವ ಹಿರಿಯರಿಗೆ ಬೇರೆ ಸಹಾಯ ಬೇಕಾದರೆ ನಗರದ ಹಿರಿಯರ ಸಹಾಯವಾಣಿ 1090, ರಾಷ್ಟ್ರೀಯ ಸಹಾಯವಾಣಿ 14567.

ನಡಿಗೆ, ಹರಟೆ, ಚೌಕಾಬಾರ

ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಹದಿನಾಲ್ಕು ಅಪಾಯಗಳನ್ನು ಪಟ್ಟಿಮಾಡಿ, ಅವನ್ನೆಲ್ಲ ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ. 45 ತಪ್ಪಿಸಬಹುದು ಅಥವಾ ಮುಂದೂಡಬಹುದು ಅಂತ ಅಂದಾಜಿಸಿತು. ಬಿ.ಪಿ., ಸಕ್ಕರೆ, ಕೆಟ್ಟ ಕೊಲೆಸ್ಟ್ರಾಲ್, ಧೂಮಪಾನ, ಕಿವಿ, ಕಣ್ಣು, ಒಂಟಿತನ ಎಲ್ಲ ಅದರಲ್ಲಿವೆ. ನಡಿಗೆಗೆ ವಾರಕ್ಕೆ ನೂರೈವತ್ತು ನಿಮಿಷದ ಲೆಕ್ಕ. ಲಾಲ್‌ಬಾಗ್ ಹತ್ತಿರವಿರುವವರಿಗೆ ನೆಪ ಹೇಳಲು ಜಾಗವಿಲ್ಲ. ಒಬ್ಬರೇ ಕಿವಿಗೆ ಹಾಡು ಹಾಕಿಕೊಂಡು ಸುತ್ತುವುದಕ್ಕಿಂತ ಮಾತಾಡುತ್ತಾ ಇಬ್ಬರು ನಡೆಯುವುದು ನನಗೆ ಇಷ್ಟ.

2013ರಲ್ಲಿ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ 648 ಡಿಮೆನ್ಷಿಯಾ ರೋಗಿಗಳ ಅಧ್ಯಯನ ಪ್ರಕಟವಾಯಿತು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು, ಓದುಬರಹ ಬಾರದವರಲ್ಲೂ ಹಾಗೆಯೇ. ಎಲ್ಲ ಊರಿನ ಅಧ್ಯಯನಗಳೂ ಇದನ್ನೇ ಹೇಳಿಲ್ಲ. ಆದರೆ ಹೂವಿನವಳ ಜೊತೆ ತಮಿಳು, ಕೆಲಸದವಳ ಜೊತೆ ತೆಲುಗು, ಆಟೋದಲ್ಲಿ ದಖನಿ ಮಾತಾಡುವುದಕ್ಕೆ ನಮ್ಮೂರಿನಲ್ಲಿ ಯಾರೂ ಫೀಸು ಕೇಳುವುದಿಲ್ಲ.

ಬುದ್ಧಿ ಚುರುಕಾಗಿಸುವ ಆ್ಯಪ್‌ಗಳಲ್ಲಿ ಆಡಿದರೆ ಆ ಆಟದಲ್ಲಿ ಚುರುಕಾಗುತ್ತೀರಿ, ಬೀಗದಕೈ ಸಿಗುತ್ತೆ ಅನ್ನುವ ಭರವಸೆ ಕಡಿಮೆ. ಅದರ ಬದಲು ಮೊಮ್ಮಕ್ಕಳ ಜೊತೆ ಚೌಕಾಬಾರ, ಅಳಗುಳಿಮಣೆ ಆಡಿ, ಲೆಕ್ಕವೂ ಇದೆ, ಜಗಳವೂ ಇದೆ. ನೆನಪಿಗೆ ಒಳ್ಳೆಯದೆಂದು ಮಾರುವ ಗಿಂಕೋ ಮರದ ಎಲೆಯ ಮಾತ್ರೆಯನ್ನು ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹಿರಿಯರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದರು, 2008ರಲ್ಲಿ ಬಂದ ಫಲಿತಾಂಶ: ಡಿಮೆನ್ಷಿಯಾ ತಡೆಯಲಿಲ್ಲ. ಒಂದೆಲಗದ ತಂಬುಳಿ ಮಾಡಿ ತಿನ್ನಿ, ರುಚಿಯಾಗಿರುತ್ತೆ. ಅದನ್ನೇ ಮಾತ್ರೆ ಮಾಡಿ ನೆನಪಿನ ಹೆಸರಲ್ಲಿ ಮಾರಿದರೆ ಬೆಲೆ ನೋಡಿ ಮುಂದೆ ಹೋಗಿ.

ಹೇಳಿದ್ದನ್ನೇ ಹೇಳುವುದು

ಮನೆಯವರ ದೊಡ್ಡ ದೂರು ಇದು. ಇದರಲ್ಲೂ ಎರಡು ಬಗೆ. ಹತ್ತು ನಿಮಿಷದ ಹಿಂದೆ ಕೇಳಿ, ಉತ್ತರವನ್ನೂ ಪಡೆದು, ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು ಡಾಕ್ಟರಿಗೆ ಹೇಳಬೇಕಾದ ವಿಷಯ. ಹಳೆಯ ಕಥೆಯನ್ನು ಯಾರಿಗೆ ಹೇಳಿದ್ದೆ ಅನ್ನುವುದು ಮರೆತು ಅದೇ ಮನುಷ್ಯನಿಗೆ ಮತ್ತೆ ಹೇಳುವುದು ವಯಸ್ಸಿನದು. ಕಥೆ ನೆನಪಿರುತ್ತೆ, ಕೇಳಿದವರು ಯಾರು ಅನ್ನುವುದು ಮರೆಯುತ್ತೆ.

ಮಕ್ಕಳು ಇದಕ್ಕೆ ನಾಲ್ಕು ಜನರ ಮುಂದೆ "ಆಗಲೇ ಹೇಳಿದ್ದೀಯಲ್ಲಮ್ಮ!" ಅಂದರೆ ಮಾತೇ ಕಡಿಮೆಯಾಗುತ್ತೆ. ಮಾತು ಕಡಿಮೆಯಾದರೆ ಮಂಕು ಹೆಚ್ಚುತ್ತೆ. ನಮ್ಮನೆಯಲ್ಲಿ ಒಂದು ಒಪ್ಪಂದವಿದೆ. ನಾನು ಹೇಳಿದ್ದ ಕಥೆಯನ್ನೇ ಮತ್ತೆ ಶುರುಮಾಡಿದರೆ ಮೊಮ್ಮಗ ಬಾಯಿ ಬಿಡುವುದಿಲ್ಲ, ಎಷ್ಟನೇ ಸಲವೋ ಅಷ್ಟು ಬೆರಳು ಎತ್ತುತ್ತಾನೆ. ಎರಡು ಬೆರಳಾದರೆ ನಿಲ್ಲಿಸುತ್ತೇನೆ. ಮೊನ್ನೆ ಕ್ಯಾಷ್ ಕೌಂಟರಿನಲ್ಲಿ ಒಂದು ಹರಿದ ನೋಟಿನಿಂದ ರಾತ್ರಿ ಒಂಬತ್ತರ ತನಕ ಕೂರಬೇಕಾಗಿ ಬಂದ ಕಥೆ ಶುರುಮಾಡಿದೆ. ಅಂಗೈ ಪೂರ್ತಿ ಎತ್ತಿ ತೋರಿಸಿದ, ಐದು.

"ಐದು ಸಲ ಕೇಳಿದ್ದೀಯಲ್ಲ, ಹಾಗಾದ್ರೆ ಇವತ್ತು ನೀನೇ ಹೇಳು" ಅಂದೆ. ಹೇಳಿದ. ನೋಟಿನ ನಂಬರು ಮಾತ್ರ ತಪ್ಪು ಹೇಳಿದ, ತಿದ್ದಿದೆ.